ಬೇರೆ ಕೀಬೋರ್ಡ್ ಲೇಔಟ್‌ನಲ್ಲಿ ಓಎಸ್ ಇನ್‌ಸ್ಟಾಲ್: ರೀಬೂಟ್ ಆದ ಮೇಲೂ ಪಾಸ್‌ವರ್ಡ್ ನಡೆಯಬೇಕಾದರೆ

ಮಾಮೂಲಿ ಇಂಗ್ಲಿಷ್ ಕೀಬೋರ್ಡಿನ ಅಕ್ಷರ ಜೋಡಣೆಗೆ ಕ್ವರ್ಟಿ ಅನ್ನುತ್ತಾರೆ. ಅದರ ಬದಲು ಡ್ವೊರಾಕ್, ಕೋಲ್‌ಮ್ಯಾಕ್, ಅಜೆರ್ಟಿ ಥರದ ಬೇರೆ ಜೋಡಣೆ (ಲೇಔಟ್) ಬಳಸಿ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ವ್ಯವಸ್ಥೆ) ಇನ್‌ಸ್ಟಾಲ್ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ. ಇನ್‌ಸ್ಟಾಲ್ ಚೆನ್ನಾಗಿಯೇ ಮುಗಿಯಿತು. ಲೇಔಟ್ ಕೂಡ ಮೊದಲೇ ಆರಿಸಿದ್ದೆ. ರೀಬೂಟ್ ಮಾಡಿದರೆ, ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿದ ಡಿಸ್ಕಿನ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಎಷ್ಟು ಸಲ ಹೊಡೆದರೂ ಅಷ್ಟೇ. ಕೊನೆಗೆ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಮತ್ತೆ ಅದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇಂಥ ಹೊತ್ತಿನಲ್ಲಿ ಬಹುತೇಕ ಪಾಸ್‌ವರ್ಡ್ ಸರಿಯಾಗಿಯೇ ನೆನಪಿರುತ್ತದೆ. ಅದನ್ನು ಓದುವ ಪ್ರೋಗ್ರಾಮ್ ಬದಲಾಗಿರುತ್ತದೆ. ಕಂಪ್ಯೂಟರ್ ಆನ್ ಆದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೆ ನಿಮ್ಮ ಕೀಬೋರ್ಡನ್ನು ಹಲವು ಪ್ರೋಗ್ರಾಮ್‌ಗಳು ಒಂದರ ನಂತರ ಒಂದು ಓದುತ್ತವೆ. ಒಂದಕ್ಕೆ ಹೇಳಿದ ಲೇಔಟ್ ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಹಂತಗಳ ಕ್ರಮ ಬಹಳ ಮುಖ್ಯ. ದಯವಿಟ್ಟು ಒಂದನ್ನೂ ಹಾರಿಸಬೇಡಿ, ವಿಶೇಷವಾಗಿ ಎರಡನೇ ಹಂತವನ್ನು.

ಒಂದು ಮಾತು. ಕಮಾಂಡ್‌ಗಳ ಹೆಸರನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

## ಮೊದಲು ತಿಳಿದಿರಬೇಕಾದ್ದು: ಕೀಬೋರ್ಡನ್ನು ಯಾರು ಯಾವಾಗ ಓದುತ್ತಾರೆ

ಎಲ್ಲಕ್ಕಿಂತ ಮೊದಲು ಬರುವುದು ಬಯೋಸ್ ಅಥವಾ ಯುಇಎಫ್‌ಐ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ, ಯಂತ್ರದೊಳಗೇ ಇರುವ ಪ್ರೋಗ್ರಾಮ್. ಇದಕ್ಕೆ ಸಾಮಾನ್ಯವಾಗಿ ಅಮೆರಿಕನ್ ಕ್ವರ್ಟಿ ಮಾತ್ರ ಗೊತ್ತು. ಆಮೇಲೆ ಬೂಟ್‌ಲೋಡರ್, ಅಂದರೆ ಓಎಸ್ ಅನ್ನು ಶುರುಮಾಡುವ ಗ್ರಬ್ ಥರದ ಪ್ರೋಗ್ರಾಮ್. ನೀವಾಗಿ ಬದಲಿಸದಿದ್ದರೆ ಅದೂ ಕ್ವರ್ಟಿಯೇ. ಲಿನಕ್ಸ್ ಆದರೆ ಮೂರನೆಯದು ಇನಿಟ್‌ರಾಮ್‌ಎಫ್‌ಎಸ್. ಡಿಸ್ಕಿನ ಬೀಗ ತೆಗೆಯಲು ಪಾಸ್‌ವರ್ಡ್ ಕೇಳುವ ಪುಟ್ಟ ವ್ಯವಸ್ಥೆ ಇದು. ಇದರ ಲೇಔಟ್ ಇದರೊಳಗೇ ತುಂಬಿಟ್ಟಿರಬೇಕು. ಆ ಹೊತ್ತಿಗೆ ಡಿಸ್ಕ್ ಇನ್ನೂ ಬೀಗದಲ್ಲಿರುವುದರಿಂದ ಡಿಸ್ಕಿನಲ್ಲಿರುವ ಸೆಟ್ಟಿಂಗ್ ಓದಲು ಆಗುವುದಿಲ್ಲ.

ಬೀಗ ತೆಗೆದ ಮೇಲೆ ಕಪ್ಪು ಪರದೆಯ ಕನ್ಸೋಲ್ (ಅಕ್ಷರ ಮಾತ್ರ ಕಾಣುವ, ಕಮಾಂಡ್ ಹೊಡೆಯುವ ಜಾಗ), ಲಾಗಿನ್ ಪರದೆ, ಡೆಸ್ಕ್‌ಟಾಪ್ ಬರುತ್ತವೆ. ಲಿನಕ್ಸ್‌ನಲ್ಲಿ ಕನ್ಸೋಲ್‌ಗೆ ಒಂದು ಸೆಟ್ಟಿಂಗ್, ಗ್ರಾಫಿಕಲ್ ಪರದೆಗೆ ಇನ್ನೊಂದು. ಡೆಸ್ಕ್‌ಟಾಪ್‌ನಲ್ಲಿ ಡ್ವೊರಾಕ್ ಸರಿಯಾಗಿ ಬರುತ್ತಿದೆ ಅಂದ ಮಾತ್ರಕ್ಕೆ ಕನ್ಸೋಲ್‌ನಲ್ಲೂ ಬರುತ್ತದೆ ಅಂದುಕೊಳ್ಳಬೇಡಿ.

## ಬೇಕಾದ ಸಾಮಾನು

ಇನ್‌ಸ್ಟಾಲ್ ಪೆನ್‌ಡ್ರೈವ್ ಹೇಗೂ ಇರುತ್ತದೆ. ಅದರ ಜೊತೆಗೆ ವೈರ್ ಇರುವ, ಮಾಮೂಲಿ ಕ್ವರ್ಟಿ ಅಕ್ಷರ ಅಚ್ಚಾಗಿರುವ ಒಂದು ಯುಎಸ್‌ಬಿ ಕೀಬೋರ್ಡ್ ಪಕ್ಕದಲ್ಲಿರಲಿ. ಬ್ಲೂಟೂತ್ ಕೀಬೋರ್ಡನ್ನು ಮೊದಲ ಹಂತಗಳಲ್ಲಿ ನಂಬಬೇಡಿ. ಬಯೋಸ್ ಮತ್ತು ಬೂಟ್‌ಲೋಡರ್ ಹೊತ್ತಿಗೆ ಅದು ಸಾಮಾನ್ಯವಾಗಿ ಜೋಡಣೆಯೇ ಆಗಿರುವುದಿಲ್ಲ.

ಕ್ವರ್ಟಿ ಮತ್ತು ನಿಮ್ಮ ಲೇಔಟ್, ಎರಡರ ಚಿತ್ರವನ್ನೂ ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳಿ. ಫೋನಿನಲ್ಲಿದ್ದರೂ ಸರಿ. ಇನ್‌ಸ್ಟಾಲ್ ಆಗುತ್ತಿರುವ ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ಬೇಕಾದಾಗ ಸಿಗುವುದಿಲ್ಲ. ವರ್ಷಗಟ್ಟಲೆ ಡ್ವೊರಾಕ್‌ನಲ್ಲಿ ಹೊಡೆದವರಿಗೆ ಕ್ವರ್ಟಿಯಲ್ಲಿ ಹೈಫನ್ ಎಲ್ಲಿದೆ ಅಂತ ತಕ್ಷಣ ಹೊಳೆಯುವುದಿಲ್ಲ. ಚಿತ್ರ ಬೇಕೇ ಬೇಕು.

## ಹಂತ 1: ಲೇಔಟ್ ಬದಲಾಗುವುದು ಎಲ್ಲಿ ಅಂತ ಪತ್ತೆ ಮಾಡಿ

ಕ್ಯುಎಂಕೆ ಥರದ ಫರ್ಮ್‌ವೇರ್ (ಕೀಬೋರ್ಡಿನೊಳಗೇ ಓಡುವ ಪ್ರೋಗ್ರಾಮ್) ಇರುವ ಪ್ರೋಗ್ರಾಮ್ ಮಾಡಬಹುದಾದ ಕೀಬೋರ್ಡ್‌ಗಳು ಲೇಔಟನ್ನು ತಮ್ಮೊಳಗೇ ಬದಲಿಸಿಕೊಳ್ಳುತ್ತವೆ. ಕಂಪ್ಯೂಟರಿಗೆ ಅದು ಮಾಮೂಲಿ ಕ್ವರ್ಟಿ ಕೀಬೋರ್ಡ್ ಥರವೇ ಕಾಣುತ್ತದೆ. ನಿಮ್ಮದು ಅಂಥದ್ದಾದರೆ ಬಹಳ ಸುಲಭ. ಬಯೋಸ್, ಗ್ರಬ್, ಇನ್‌ಸ್ಟಾಲರ್, ಎಲ್ಲ ಕಡೆ ನಿಮ್ಮ ಲೇಔಟೇ ನಡೆಯುತ್ತದೆ. ಓಎಸ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ಹಾಗೇ ಬಿಟ್ಟರೆ ಮುಗಿಯಿತು.

ಎಡವುವುದು ಎಲ್ಲಿ ಅಂದರೆ, ಕೀಬೋರ್ಡಿನಲ್ಲೂ ಡ್ವೊರಾಕ್ ಇಟ್ಟು ಇನ್‌ಸ್ಟಾಲರ್‌ನಲ್ಲೂ ಡ್ವೊರಾಕ್ ಆರಿಸುವುದು. ಆಗ ಎರಡು ಸಲ ಬದಲಾಗಿ ಅರ್ಥವಿಲ್ಲದ ಅಕ್ಷರ ಬರುತ್ತದೆ.

ಇದನ್ನು ಒಂದೇ ಕೀಲಿಯಿಂದ ಪತ್ತೆ ಮಾಡಬಹುದು. ಕ್ವರ್ಟಿಯಲ್ಲಿ ಎಸ್ ಇರುವ ಜಾಗದ ಕೀಲಿ ಒತ್ತಿ. ಅಂದರೆ ಮಧ್ಯದ ಸಾಲಿನಲ್ಲಿ ಎಡದಿಂದ ಎರಡನೆಯ ಅಕ್ಷರ. ಎಸ್ ಬಂದರೆ ಲೇಔಟ್ ಕ್ವರ್ಟಿ. ಓ ಬಂದರೆ ಡ್ವೊರಾಕ್ ಸರಿಯಾಗಿದೆ. ಆರ್ ಬಂದರೆ ಡ್ವೊರಾಕ್ ಎರಡು ಸಲ ಬಿದ್ದಿದೆ. ಕೋಲ್‌ಮ್ಯಾಕ್‌ನವರಿಗೆ ಸರಿಯಾಗಿದ್ದರೆ ಆರ್ ಬರುತ್ತದೆ, ಎರಡು ಸಲ ಬಿದ್ದಿದ್ದರೆ ಪಿ. ಎ ಕೀಲಿ ಒತ್ತಿ ನೋಡುವುದರಿಂದ ಏನೂ ಪ್ರಯೋಜನವಿಲ್ಲ. ಕ್ವರ್ಟಿ, ಡ್ವೊರಾಕ್, ಕೋಲ್‌ಮ್ಯಾಕ್ ಮೂರರಲ್ಲೂ ಎ ಒಂದೇ ಜಾಗದಲ್ಲಿದೆ.

ಮೊದಲು ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ನಕಲಿ ಕಂಪ್ಯೂಟರಿನಲ್ಲಿ) ಪ್ರಯೋಗ ಮಾಡುವವರು ಇದನ್ನೂ ಗಮನಿಸಿ. ವರ್ಚುವಲ್‌ಬಾಕ್ಸ್ ಥರದವು ಒತ್ತಿದ ಕೀಲಿಯ ಸಂಖ್ಯೆಯನ್ನೇ ಒಳಗೆ ದಾಟಿಸುತ್ತವೆ. ಹಾಗಾಗಿ ಒಳಗಿನ ಓಎಸ್‌ಗೂ ಲೇಔಟ್ ಹೇಳಬೇಕು. ವಿಎನ್‌ಸಿ (ಬೇರೆ ಕಂಪ್ಯೂಟರಿನ ಪರದೆಯನ್ನು ನೆಟ್ ಮೂಲಕ ನಡೆಸುವ ವಿಧಾನ) ಮೂಲಕ ಹೋದರೆ ಅಕ್ಷರವಾಗಿಯೇ ದಾಟುವುದರಿಂದ ಎರಡು ಸಲ ಬದಲಾಗುವ ಅಪಾಯ ಇದೆ. ಅಲ್ಲಿ ಕಂಡ ಫಲಿತಾಂಶ ನಿಜವಾದ ಯಂತ್ರದಲ್ಲೂ ಹಾಗೇ ಇರುತ್ತದೆ ಅನ್ನುವಂತಿಲ್ಲ.

## ಹಂತ 2: ಇನ್‌ಸ್ಟಾಲ್ ಮಟ್ಟಿಗೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಮಾಡಿಕೊಳ್ಳಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ನಿಮ್ಮ ನಿಜವಾದ ಪಾಸ್‌ವರ್ಡನ್ನು ಇನ್‌ಸ್ಟಾಲರ್‌ಗೆ ಕೊಡಬೇಡಿ. ಎರಡು ಲೇಔಟ್‌ಗಳಲ್ಲೂ ಒಂದೇ ಜಾಗದಲ್ಲಿರುವ ಅಕ್ಷರಗಳಿಂದ ಒಂದು ಪಾಸ್‌ವರ್ಡ್ ಕಟ್ಟಿ. ಯಾವ ಹಂತ ಯಾವ ಲೇಔಟ್‌ನಲ್ಲಿ ಓದಿದರೂ ಅದು ನಡೆಯುತ್ತದೆ.

ಡ್ವೊರಾಕ್‌ನವರಿಗೆ ಅಂಥ ಅಕ್ಷರ ಎರಡೇ: ಎ ಮತ್ತು ಎಂ. ಆದರೆ ಈಗ ಬಳಕೆಯಲ್ಲಿರುವ ಡ್ವೊರಾಕ್‌ನಲ್ಲಿ ಮೇಲಿನ ಸಾಲಿನ ಅಂಕಿಗಳು ಕ್ವರ್ಟಿಯಲ್ಲಿದ್ದ ಹಾಗೇ ಇವೆ. ಆದ್ದರಿಂದ ಪೂರ್ತಿ ಅಂಕಿಗಳ ಪಾಸ್‌ವರ್ಡ್ ಒಳ್ಳೆಯದು. ಅಂಕಿ ಮಾತ್ರ ಆದರೆ ದುರ್ಬಲ ಅಲ್ಲವೇ ಅಂತ ಕೇಳಬಹುದು. ಉದ್ದ ಸಾಕಷ್ಟಿದ್ದರೆ ಇಲ್ಲ. ಮನಸ್ಸಿಗೆ ಬಂದದ್ದಲ್ಲದೆ ನಿಜವಾಗಿಯೂ ಯಾದೃಚ್ಛಿಕವಾಗಿ ಆರಿಸಿದ 20 ಅಂಕಿಗಳಿದ್ದರೆ ಸುಮಾರು 66 ಬಿಟ್‌ನಷ್ಟು ಬಲ ಸಿಗುತ್ತದೆ. ತಾತ್ಕಾಲಿಕಕ್ಕೆ ಧಾರಾಳ. ಹುಟ್ಟಿದ ದಿನಾಂಕ, ಫೋನ್ ನಂಬರ್ ಬೇಡ.

ಕೋಲ್‌ಮ್ಯಾಕ್ ಕ್ವರ್ಟಿಯ 17 ಕೀಲಿಗಳನ್ನಷ್ಟೇ ಬದಲಿಸುತ್ತದೆ. ಕ್ಯೂ, ಡಬ್ಲ್ಯು, ಎ, ಎಚ್, ಝಡ್, ಎಕ್ಸ್, ಸಿ, ವಿ, ಬಿ, ಎಂ, ಇಷ್ಟು ಅಕ್ಷರಗಳು ಇದ್ದಲ್ಲೇ ಇರುತ್ತವೆ. ಅಂಕಿಗಳೂ ಹಾಗೆಯೇ.

ಅಜೆರ್ಟಿಯಲ್ಲಿ ಇದು ಉಲ್ಟಾ. ಫ್ರೆಂಚ್ ಅಜೆರ್ಟಿಯಲ್ಲಿ ಮೇಲಿನ ಸಾಲಿನ ಅಂಕಿಗೆ ಶಿಫ್ಟ್ ಒತ್ತಬೇಕು. ಹಾಗಾಗಿ ಅಂಕಿ ಬೇಡ, ಅಕ್ಷರ ಬಳಸಿ. ಎ, ಕ್ಯೂ, ಝಡ್, ಡಬ್ಲ್ಯು, ಎಂ ಈ ಐದನ್ನು ಬಿಟ್ಟರೆ ಉಳಿದ ಅಕ್ಷರಗಳೆಲ್ಲ ಕ್ವರ್ಟಿಯ ಜಾಗದಲ್ಲೇ ಇವೆ. ಜರ್ಮನ್ ಕ್ವರ್ಟ್ಜ್‌ನಲ್ಲಿ ವೈ ಮತ್ತು ಝಡ್ ಬಿಟ್ಟರೆ ಸಾಕು.

ಮೂರು ಎಚ್ಚರಿಕೆ. ವಿಶೇಷ ಚಿಹ್ನೆಗಳು ಬೇಡವೇ ಬೇಡ. ಲೇಔಟ್‌ನಿಂದ ಲೇಔಟ್‌ಗೆ ಜಾಸ್ತಿ ಓಡಾಡುವುದು ಅವೇ. ಬ್ರಿಟಿಷ್ ಮತ್ತು ಅಮೆರಿಕನ್ ಕ್ವರ್ಟಿ ನಡುವೆಯೇ ಆ್ಯಟ್ ಚಿಹ್ನೆ ಮತ್ತು ಡಬಲ್ ಕೋಟ್ ಅದಲುಬದಲಾಗಿವೆ. ಎರಡನೆಯದು, ಬಲಗಡೆಯ ನಂಬರ್ ಪ್ಯಾಡ್ ಬಳಸಬೇಡಿ. ಬೂಟ್ ಆಗುವಾಗ ನಮ್ ಲಾಕ್ ಆಫ್ ಆಗಿದ್ದರೆ ಅಂಕಿ ಬರುವುದಿಲ್ಲ, ಪರದೆಯ ಮೇಲೆ ಅದು ತಿಳಿಯುವುದೂ ಇಲ್ಲ. ಮೂರನೆಯದು, ಕ್ಯಾಪ್ಸ್ ಲಾಕ್ ಮುಟ್ಟಬೇಡಿ. ಕೋಲ್‌ಮ್ಯಾಕ್‌ನಲ್ಲಿ ಆ ಕೀಲಿ ಬ್ಯಾಕ್‌ಸ್ಪೇಸ್ ಆಗಿರುತ್ತದೆ, ಕ್ವರ್ಟಿಗೆ ಬಿದ್ದ ಕೂಡಲೇ ಮತ್ತೆ ಕ್ಯಾಪ್ಸ್ ಲಾಕ್ ಆಗುತ್ತದೆ. ಅಕ್ಷರ ಅಳಿಸಲು ಹೋಗಿ ಎಲ್ಲ ದೊಡ್ಡಕ್ಷರ ಮಾಡಿಕೊಳ್ಳುವುದು ಬಹಳ ಸಾಮಾನ್ಯ.

## ಹಂತ 3: ಬಯೋಸ್ ಮತ್ತು ಬೂಟ್ ಮೆನು

ಇಲ್ಲಿ ಹೆಚ್ಚು ಕೆಲಸವಿಲ್ಲ. ಬಾಣದ ಕೀಲಿ, ಎಂಟರ್, ಎಸ್ಕೇಪ್, ಎಫ್1ರಿಂದ ಎಫ್12 ಯಾವ ಲೇಔಟ್‌ನಲ್ಲೂ ಬದಲಾಗುವುದಿಲ್ಲ. ಬಯೋಸ್ ಪಾಸ್‌ವರ್ಡ್ ಮಾತ್ರ ಈಗ ಹಾಕಬೇಡಿ. ಹಾಕಲೇಬೇಕಿದ್ದರೆ ಹಂತ 2ರ ನಿಯಮದಂತೆಯೇ ಹಾಕಿ.

ಗ್ರಬ್ ಮೆನುವಿನಲ್ಲಿ ಸಾಲು ತಿದ್ದಲು ಇ ಕೀಲಿ ಒತ್ತಬೇಕು. ಕ್ವರ್ಟಿಯ ಇ ಜಾಗ ಅದು. ನಿಮ್ಮ ಕೀಬೋರ್ಡಿನ ಮೇಲೆ ಡ್ವೊರಾಕ್ ಅಚ್ಚಾಗಿದ್ದರೆ ಅಲ್ಲಿ ಫುಲ್‌ಸ್ಟಾಪ್ ಕಾಣುತ್ತದೆ. ಒಳಗೆ ಏನಾದರೂ ಬರೆಯಬೇಕಾದರೆ ಇಕ್ವಲ್ಸ್ ಚಿಹ್ನೆಯ ಬಗ್ಗೆ ಹುಷಾರು. ಡ್ವೊರಾಕ್‌ನಲ್ಲಿ ಅದು ಇರುವ ಜಾಗದಲ್ಲಿ ಕ್ವರ್ಟಿಗೆ ಮುಚ್ಚುವ ಚೌಕ ಬ್ರಾಕೆಟ್ ಇದೆ.

## ಹಂತ 4: ಇನ್‌ಸ್ಟಾಲರ್‌ಗೆ ಲೇಔಟ್ ಹೇಳುವುದು

ವೈಫೈ ಪಾಸ್‌ವರ್ಡ್ ಹೊಡೆಯುವುದಕ್ಕೂ ಮೊದಲು ಈ ಹಂತ ಮುಗಿದಿರಬೇಕು. ಎಷ್ಟೋ ಜನ ನೆಟ್ ಹಿಡಿಸಿ ಆಮೇಲೆ ಲೇಔಟ್ ಬದಲಿಸುತ್ತಾರೆ. ವೈಫೈ ಏಕೆ ಸೇರುತ್ತಿಲ್ಲ ಅಂತ ರೂಟರ್ ಆಫ್ ಮಾಡಿ ಆನ್ ಮಾಡುತ್ತಿರುತ್ತಾರೆ.

ಲೈವ್ ಡೆಸ್ಕ್‌ಟಾಪ್, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡುವ ಡೆಸ್ಕ್‌ಟಾಪ್ ಇರುವ ಲಿನಕ್ಸ್ (ಉಬುಂಟು, ಫೆಡೋರಾ ಮುಂತಾದವು). ಇಲ್ಲಿ ಎರಡು ಸೆಟ್ಟಿಂಗ್ ಇರಬಹುದು, ಗೊಂದಲ ಆಗುವುದೇ ಇಲ್ಲಿ. ಲೈವ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ ಲೇಔಟ್ ಈಗ ನೀವು ಹೊಡೆಯುವುದಕ್ಕೆ. ಇನ್‌ಸ್ಟಾಲರ್‌ನ ಕೀಬೋರ್ಡ್ ಪುಟದಲ್ಲಿ ಆರಿಸಿದ್ದು ಇನ್‌ಸ್ಟಾಲ್ ಆಗುವ ವ್ಯವಸ್ಥೆಗೆ. ಎರಡೂ ಬೇರೆ ಬೇರೆ ಆಗಿದ್ದರೆ ಪಾಸ್‌ವರ್ಡ್ ಒಂದರಲ್ಲಿ ಹುಟ್ಟಿ ಇನ್ನೊಂದರಲ್ಲಿ ಪರೀಕ್ಷೆಗೆ ಬೀಳುತ್ತದೆ. ಎರಡನ್ನೂ ಒಂದೇ ಮಾಡಿ. ಡ್ವೊರಾಕ್, ಕೋಲ್‌ಮ್ಯಾಕ್ ಎರಡೂ ಅಮೆರಿಕನ್ ಇಂಗ್ಲಿಷ್ ಲೇಔಟ್‌ನ ಒಳಗೆ ವೇರಿಯಂಟ್ ಆಗಿ ಸಿಗುತ್ತವೆ. ಮೇಲಿನ ಪಟ್ಟಿಯಲ್ಲಿ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ.

ಪಟ್ಟಿಯಲ್ಲಿ ಎರಡು ಲೇಔಟ್ ಸೇರಿಸಿದರೆ ಮೇಲಿರುವುದೇ ಮುಖ್ಯ. ಡಿಸ್ಕ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಲೇಔಟ್ ಬದಲಿಸುವ ಶಾರ್ಟ್‌ಕಟ್ ಇರುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಡೆಬಿಯನ್. ಭಾಷೆ, ದೇಶ ಕೇಳಿದ ಮೇಲೆ ಕೀಬೋರ್ಡ್ ಕೇಳುತ್ತದೆ. ಅಲ್ಲಿ ಆರಿಸಿದ್ದು ಆ ಕ್ಷಣದಿಂದಲೇ ಜಾರಿಗೆ ಬರುತ್ತದೆ.

ಆರ್ಚ್. ಇಲ್ಲಿ ಪುಟಗಿಟ ಏನೂ ಇಲ್ಲ, ಕಮಾಂಡ್ ಹೊಡೆಯಬೇಕು. ಲೋಡ್‌ಕೀಸ್ ಅಂತ ಬರೆದು, ಸ್ಪೇಸ್ ಕೊಟ್ಟು, ಡ್ವೊರಾಕ್ ಅಥವಾ ಕೋಲ್‌ಮ್ಯಾಕ್ ಅಂತ ಬರೆದು ಎಂಟರ್. ನೆನಪಿರಲಿ, ಇದು ಪೆನ್‌ಡ್ರೈವ್‌ನಿಂದ ಓಡುತ್ತಿರುವ ವ್ಯವಸ್ಥೆಗೆ ಮಾತ್ರ. ಇನ್‌ಸ್ಟಾಲ್ ಆಗುವ ವ್ಯವಸ್ಥೆಗೆ ಬೇರೆಯಾಗಿ ಬರೆಯಬೇಕು, ಹಂತ 7 ನೋಡಿ.

ತಪ್ಪಿ ಡ್ವೊರಾಕ್ ಹಾಕಿಕೊಂಡು ವಾಪಸ್ ಬರಲು ಆಗದೆ ಕೂತವರಿಗೆ ಬಾಗಿಲು ಇದು. ಕ್ವರ್ಟಿ ಅಚ್ಚಾಗಿರುವ ಕೀಬೋರ್ಡಿನಲ್ಲಿ ಪಿ, ಎಸ್, ಎ, ಎಚ್, ವಿ, ಡಿ, ಟಿ, ಸೆಮಿಕೋಲನ್, ಸ್ಪೇಸ್, ಎಫ್, ಸೆಮಿಕೋಲನ್ ಈ ಕೀಲಿಗಳನ್ನು ಇದೇ ಕ್ರಮದಲ್ಲಿ ಒತ್ತಿ ಎಂಟರ್ ಕೊಡಿ. ಪರದೆಯ ಮೇಲೆ ಲೋಡ್‌ಕೀಸ್ ಯುಎಸ್ ಅಂತ ಮೂಡುತ್ತದೆ, ಕ್ವರ್ಟಿ ವಾಪಸ್ ಬರುತ್ತದೆ. ಕೋಲ್‌ಮ್ಯಾಕ್‌ನಿಂದ ಹೊರಬರಲು ಯು, ಸೆಮಿಕೋಲನ್, ಎ, ಜಿ, ಎನ್, ಕೆ, ಓ, ಡಿ, ಸ್ಪೇಸ್, ಐ, ಡಿ. ಇದನ್ನು ಆ ಕಾಗದದ ಮೂಲೆಯಲ್ಲೇ ಬರೆದಿಟ್ಟುಕೊಳ್ಳಿ.

ಬಿಎಸ್‌ಡಿ. ಫ್ರೀಬಿಎಸ್‌ಡಿ ಮತ್ತು ಓಪನ್‌ಬಿಎಸ್‌ಡಿ ಎರಡೂ ಶುರುವಿನಲ್ಲೇ ಕೀಬೋರ್ಡ್ ಕೇಳುತ್ತವೆ. ಓಪನ್‌ಬಿಎಸ್‌ಡಿಯಲ್ಲಿ ಹೆಸರನ್ನೇ ಟೈಪ್ ಮಾಡಬೇಕು, ಯುಎಸ್ ಬರೆದು ಚುಕ್ಕಿ ಇಟ್ಟು ಡ್ವೊರಾಕ್. ಆ ಉತ್ತರವನ್ನು ಹೊಡೆಯುವಾಗ ಇನ್ನೂ ಕ್ವರ್ಟಿಯಲ್ಲೇ ಇರುತ್ತೀರಿ.

ವಿಂಡೋಸ್. ಭಾಷೆ ಕೇಳುವ ಶುರುವಿನ ಪರದೆಗಳಲ್ಲೇ ಕೀಬೋರ್ಡ್ ಪಟ್ಟಿ ಇದೆ. ಯುನೈಟೆಡ್ ಸ್ಟೇಟ್ಸ್-ಡ್ವೊರಾಕ್ ಅಂತ ಹುಡುಕಿ. ಒಂದೇ ಕೈಯವರಿಗಾಗಿ ಎಡಗೈ, ಬಲಗೈ ಡ್ವೊರಾಕ್ ಕೂಡ ಅದರ ಪಕ್ಕದಲ್ಲೇ ಇರುವುದರಿಂದ ತಪ್ಪಿ ಅದನ್ನು ಆರಿಸಬೇಡಿ. ಹಳೆಯ ವಿಂಡೋಸ್‌ನಲ್ಲಿ ಕೋಲ್‌ಮ್ಯಾಕ್ ಇಲ್ಲ. ಅಂಥ ಕಡೆ ಕ್ವರ್ಟಿಯಲ್ಲೇ ಇನ್‌ಸ್ಟಾಲ್ ಮುಗಿಸಿ, ಆಮೇಲೆ ಸೇರಿಸಿಕೊಳ್ಳಿ. ಇನ್‌ಸ್ಟಾಲ್ ನಂತರದ ಸೆಟಪ್‌ನಲ್ಲಿ ಎರಡನೇ ಲೇಔಟ್ ಬೇಕೇ ಅಂತ ಕೇಳಿದಾಗ ಅಮೆರಿಕನ್ ಕ್ವರ್ಟಿಯನ್ನು ಸೇರಿಸಿ. ಲಾಗಿನ್ ಪರದೆಯಲ್ಲಿ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಅದಲುಬದಲು ಮಾಡಬಹುದು.

ಮ್ಯಾಕ್. ಡ್ವೊರಾಕ್, ಕೋಲ್‌ಮ್ಯಾಕ್ ಎರಡೂ ಜೊತೆಗೇ ಬರುತ್ತವೆ. ಇನ್‌ಸ್ಟಾಲ್ ಮುಗಿದ ಮೇಲೆ ಲಾಗಿನ್ ಪರದೆಯಲ್ಲಿ ಇನ್‌ಪುಟ್ ಮೆನು ತೋರಿಸುವ ಆಯ್ಕೆಯನ್ನು ಆನ್ ಮಾಡಿಟ್ಟುಕೊಳ್ಳಿ.

ಇನ್‌ಸ್ಟಾಲರ್ ಭಾಷೆಯಾಗಿ ಕನ್ನಡ ಆರಿಸುವವರಿಗೆ ಒಂದು ಕಿವಿಮಾತು. ಕೆಲವು ಇನ್‌ಸ್ಟಾಲರ್‌ಗಳು ಅದನ್ನು ನೋಡಿ ಕೀಬೋರ್ಡನ್ನೂ ಕನ್ನಡವೇ ಅಂತ ಸೂಚಿಸುತ್ತವೆ. ಸುಮ್ನೆ ಮುಂದೆ ಒತ್ತಿದರೆ ಯೂಸರ್‌ನೇಮ್ ಜಾಗದಲ್ಲಿ ಕನ್ನಡ ಅಕ್ಷರ ಬಂದು ನಿಲ್ಲುತ್ತದೆ, ಇನ್‌ಸ್ಟಾಲರ್ ಅದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಲೇಔಟ್ ಮೊದಲಿರಲಿ. ಕನ್ನಡವನ್ನು ಡೆಸ್ಕ್‌ಟಾಪ್ ಬಂದ ಮೇಲೆ ಸೇರಿಸಿದರೆ ಏನೂ ನಷ್ಟವಿಲ್ಲ.

## ಹಂತ 5: ಪಾಸ್‌ವರ್ಡ್ ಹೊಡೆಯುವ ಮೊದಲು ಕಣ್ಣಿಗೆ ಕಾಣುವ ಜಾಗದಲ್ಲಿ ಪರೀಕ್ಷೆ

ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಾಣುತ್ತದೆ, ಕೆಲವು ಕಡೆ ಅದೂ ಇಲ್ಲ. ಹಾಗಾಗಿ ಬರೆದದ್ದು ಕಾಣುವ ಜಾಗ ಹುಡುಕಿ. ಉಬುಂಟು ಥರದ ಇನ್‌ಸ್ಟಾಲರ್‌ಗಳ ಕೀಬೋರ್ಡ್ ಪುಟದಲ್ಲಿ ಪರೀಕ್ಷೆಗೆ ಅಂತಲೇ ಒಂದು ಪೆಟ್ಟಿಗೆ ಇದೆ. ಅದಿಲ್ಲದ ಕಡೆ ಕಂಪ್ಯೂಟರ್ ಹೆಸರು ಕೇಳುವ ಜಾಗ ಸಾಕು.

ಎಸ್ ಜಾಗದ ಕೀಲಿ, ಸೆಮಿಕೋಲನ್ ಜಾಗದ ಕೀಲಿ, ಹೈಫನ್, ಸ್ಲ್ಯಾಶ್, ಆ್ಯಟ್ ಚಿಹ್ನೆ, 1ರಿಂದ 0 ತನಕ ಅಂಕಿಗಳು, ಇಷ್ಟನ್ನು ಹೊಡೆದು ನೋಡಿ. ಅಕ್ಷರ ಸರಿ ಇದ್ದು ಚಿಹ್ನೆ ತಪ್ಪಿದ್ದರೆ ನೀವು ಹತ್ತಿರದ, ಆದರೆ ಬೇರೆ ಲೇಔಟ್ ಆರಿಸಿದ್ದೀರಿ. ಬ್ರಿಟಿಷ್ ಡ್ವೊರಾಕ್, ಪ್ರೋಗ್ರಾಮರ್ ಡ್ವೊರಾಕ್ ಥರದ್ದು. ಪ್ರೋಗ್ರಾಮರ್ ಡ್ವೊರಾಕ್‌ನಲ್ಲಿ ಮೇಲಿನ ಸಾಲಿನ ಅಂಕಿಗಳ ಕ್ರಮವೇ ಬೇರೆ, ಅವಕ್ಕೆ ಶಿಫ್ಟ್ ಕೂಡ ಬೇಕು. ಅದನ್ನು ಬಳಸುವವರಿಗೆ ಹಂತ 2ರಲ್ಲಿ ಹೇಳಿದ ಅಂಕಿಗಳ ಉಪಾಯ ನಡೆಯುವುದಿಲ್ಲ. ಇನ್‌ಸ್ಟಾಲ್ ಮುಗಿಯುವ ತನಕ ಮಾಮೂಲಿ ಡ್ವೊರಾಕ್ ಇಟ್ಟುಕೊಳ್ಳಿ.

ಪೂರ್ತಿ ಪಾಸ್‌ವರ್ಡನ್ನು ಕಾಣುವ ಜಾಗದಲ್ಲಿ ಬರೆದು ಎಂಟರ್ ಒತ್ತಬೇಡಿ. ಕನ್ಸೋಲ್‌ನ ಲಾಗಿನ್ ಜಾಗದಲ್ಲಿ ಹಾಗೆ ಮಾಡಿದರೆ ಅದು ಯೂಸರ್‌ನೇಮ್ ಅಂತ ಲಾಗ್ ಫೈಲಿನಲ್ಲಿ ಉಳಿದುಬಿಡಬಹುದು. ಬರೆದು, ನೋಡಿ, ಬ್ಯಾಕ್‌ಸ್ಪೇಸ್‌ನಿಂದ ಅಳಿಸಿ.

## ಹಂತ 6: ಡಿಸ್ಕ್ ಎನ್‌ಕ್ರಿಪ್ಶನ್ ಪರದೆ

ತಾತ್ಕಾಲಿಕ ಪಾಸ್‌ವರ್ಡ್ ಇಲ್ಲಿ ಬರುತ್ತದೆ. ಯೂಸರ್ ಪಾಸ್‌ವರ್ಡಿಗೂ ಅದೇ ನಿಯಮ, ಆದರೆ ಬೇರೆ ಅಂಕಿಗಳಿರಲಿ. ಎರಡೂ ಒಂದೇ ಆದರೆ ಮುಂದೆ ಯಾವ ಹಂತ ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ.

ಬೂಟ್ ಪಾರ್ಟಿಶನ್ (ಬೂಟ್ ಆಗಲು ಬೇಕಾದ ಫೈಲ್‌ಗಳಿರುವ ಡಿಸ್ಕಿನ ಭಾಗ) ಕೂಡ ಬೀಗದೊಳಗೆ ಇರಬೇಕೇ ಅನ್ನುವುದನ್ನು ಇಲ್ಲಿ ತೀರ್ಮಾನಿಸಬೇಕು. ಬಹುಪಾಲು ಇನ್‌ಸ್ಟಾಲರ್‌ಗಳು ತಾವಾಗಿ ಮಾಡುವಾಗ ಬೂಟ್ ಪಾರ್ಟಿಶನನ್ನು ಬೀಗದ ಹೊರಗೇ ಬಿಡುತ್ತವೆ. ಆಗ ಪಾಸ್‌ವರ್ಡ್ ಕೇಳುವುದು ಇನಿಟ್‌ರಾಮ್‌ಎಫ್‌ಎಸ್, ಅದಕ್ಕೆ ಲೇಔಟ್ ಕಲಿಸಬಹುದು. ಕೈಯಾರೆ ಪಾರ್ಟಿಶನ್ ಮಾಡಿ ಬೂಟನ್ನೂ ಒಳಗೆ ಹಾಕಿದರೆ ಪಾಸ್‌ವರ್ಡ್ ಕೇಳುವುದು ಗ್ರಬ್, ಅದೂ ಕ್ವರ್ಟಿಯಲ್ಲಿ. ಗ್ರಬ್‌ಗೂ ಬೇರೆ ಲೇಔಟ್ ತುಂಬಿಸಲು ದಾರಿ ಇದೆ, ಆದರೆ ಬಹಳ ಸುತ್ತು. ನನ್ನ ಪ್ರಕಾರ ಆ ಕಷ್ಟಕ್ಕಿಂತ ಪಾಸ್‌ವರ್ಡನ್ನೇ ಎರಡೂ ಲೇಔಟ್‌ಗೆ ಹೊಂದುವಂತೆ ಶಾಶ್ವತವಾಗಿ ಇಟ್ಟುಕೊಳ್ಳುವುದು ಮೇಲು.

ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನಲ್ಲಿ ಬೂಟ್ ಹೊತ್ತಿನ ಪಿನ್ ಹಾಕಿಕೊಳ್ಳುವವರು ಅಂಕಿಗಳಲ್ಲೇ ಇರಲಿ. ಅಕ್ಷರ ಬಳಸುವ ಆಯ್ಕೆಯನ್ನು ಆನ್ ಮಾಡಿದರೆ ಅದು ಬೇರೆ ಲೇಔಟ್‌ನವರಿಗೆ ತೊಂದರೆ. 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಅದನ್ನು ಹೊಡೆಯುವಾಗ ಅಂಕಿ ಸರಿಯಾಗಿ ಬರದಿದ್ದರೆ ಎಫ್1ರಿಂದ ಎಫ್10ರ ಕೀಲಿಗಳನ್ನೂ ಅಂಕಿಗಳಂತೆ ಬಳಸಬಹುದು, ಎಫ್10 ಅಂದರೆ ಸೊನ್ನೆ. ಅಜೆರ್ಟಿಯವರಿಗೆ ಇದು ನಿಜಕ್ಕೂ ಉಪಯೋಗದ ಸಂಗತಿ.

## ಹಂತ 7: ಹೊಸ ವ್ಯವಸ್ಥೆಯ ಬೂಟ್‌ಗೆ ಲೇಔಟ್ ತುಂಬಿಸಿ

ಇದು ಲಿನಕ್ಸ್‌ನವರಿಗೆ. ಜನ ಅತಿ ಹೆಚ್ಚು ಮರೆಯುವುದೂ ಇದನ್ನೇ. ಸೆಟ್ಟಿಂಗ್ ಫೈಲ್ ಬದಲಿಸಿದರೆ ಸಾಲದು, ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟಬೇಕು. ಕಟ್ಟುವವರೆಗೆ ಅದರೊಳಗೆ ಹಳೆಯ ಲೇಔಟೇ ಇರುತ್ತದೆ.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಡಿಪಿಕೆಜಿ-ರೀಕಾನ್ಫಿಗರ್ ಕಮಾಂಡಿಗೆ ಕೀಬೋರ್ಡ್-ಕಾನ್ಫಿಗರೇಶನ್ ಅನ್ನುವ ಹೆಸರು ಕೊಟ್ಟು ಓಡಿಸಿ, ಲೇಔಟ್ ಆರಿಸಿ. ಆಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡನ್ನು ಹೈಫನ್ ಯು ಜೊತೆ ಓಡಿಸಿ. ಎರಡಕ್ಕೂ ಮುಂದೆ ಸುಡೋ (ಅಡ್ಮಿನ್ ಅಧಿಕಾರದಿಂದ ಓಡಿಸುವ ಕಮಾಂಡ್) ಬೇಕು.

ಫೆಡೋರಾದಲ್ಲಿ ಲೋಕೇಲ್‌ಸಿಟಿಎಲ್ ಕಮಾಂಡಿನ ಸೆಟ್-ಕೀಮ್ಯಾಪ್‌ನಿಂದ ಲೇಔಟ್ ಬದಲಿಸಿ, ಡ್ರಾಕಟ್ ಕಮಾಂಡನ್ನು ಹೈಫನ್ ಎಫ್ ಜೊತೆ ಓಡಿಸಿ.

ಆರ್ಚ್‌ನಲ್ಲಿ ಇಟಿಸಿ ಫೋಲ್ಡರಿನ ವಿಕನ್ಸೋಲ್ ಡಾಟ್ ಕಾನ್ಫ್ ಫೈಲಿನಲ್ಲಿ ಕೀಮ್ಯಾಪ್ ಎದುರು ಲೇಔಟ್ ಹೆಸರು ಬರೆಯಿರಿ. ಕೀಮ್ಯಾಪ್ ಅನ್ನುವುದು ದೊಡ್ಡಕ್ಷರದಲ್ಲಿರಬೇಕು. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಎಂಕೆಇನಿಟ್‌ಸಿಪಿಐಒದ ಸೆಟ್ಟಿಂಗ್ ಫೈಲಿನಲ್ಲಿ ಹುಕ್ಸ್ ಸಾಲು ನೋಡಿ. ಅದರೊಳಗೆ ಏನೇನು, ಯಾವ ಕ್ರಮದಲ್ಲಿ ಇರಬೇಕು ಅಂತ ಹೇಳುವ ಪಟ್ಟಿ ಅದು. ಎನ್‌ಕ್ರಿಪ್ಟ್ ಹುಕ್ ಬಳಸುತ್ತಿದ್ದರೆ ಕೀಬೋರ್ಡ್ ಮತ್ತು ಕೀಮ್ಯಾಪ್ ಅದರ ಹಿಂದೆ, ಅಂದರೆ ಎಡಗಡೆ ಬರಬೇಕು. ಕ್ರಮ ತಪ್ಪಿದರೆ ಪಾಸ್‌ವರ್ಡ್ ಕೇಳಿ ಆದ ಮೇಲೆ ಲೇಔಟ್ ಬರುತ್ತದೆ. ಸಿಸ್ಟಮ್‌ಡಿ ಹುಕ್ ಇದ್ದರೆ ಕೀಮ್ಯಾಪ್ ಬದಲು ಎಸ್‌ಡಿ-ವಿಕನ್ಸೋಲ್ ಬೇಕು. ಕೀಬೋರ್ಡ್ ಹುಕ್ಕನ್ನು ಆಟೋಡಿಟೆಕ್ಟ್‌ಗಿಂತ ಮೊದಲೇ ಇಡಿ. ಹಾಗೆ ಇಡದಿದ್ದರೆ ಕಟ್ಟುವಾಗ ಸಿಕ್ಕಿಸಿದ್ದ ಕೀಬೋರ್ಡಿಗೆ ಬೇಕಾದ ಡ್ರೈವರ್ ಮಾತ್ರ ಒಳಗೆ ಹೋಗಿ, ನಾಳೆ ಬೇರೆ ಕೀಬೋರ್ಡ್ ಸಿಕ್ಕಿಸಿದರೆ ಬೂಟ್ ಹೊತ್ತಿಗೆ ಅದು ಕೆಲಸ ಮಾಡದಿರಬಹುದು. ಕೊನೆಗೆ ಎಂಕೆಇನಿಟ್‌ಸಿಪಿಐಒ ಕಮಾಂಡನ್ನು ಹೈಫನ್ ದೊಡ್ಡ ಪಿ ಜೊತೆ ಓಡಿಸಿ.

ಈಗ ರೀಬೂಟ್ ಮಾಡಿ. ತಾತ್ಕಾಲಿಕ ಪಾಸ್‌ವರ್ಡ್ ಹೇಗೂ ನಡೆಯುತ್ತದೆ. ಆದರೆ ಅದು ನಡೆಯಿತು ಅಂದರೆ ಲೇಔಟ್ ಸರಿಯಾಗಿದೆ ಅಂತ ಅರ್ಥವಲ್ಲ, ಎರಡರಲ್ಲೂ ನಡೆಯುವ ಹಾಗೆ ನಾವೇ ಕಟ್ಟಿದ್ದು. ನಿಜವಾದ ಪರೀಕ್ಷೆ ಮುಂದಿನ ಹಂತದಲ್ಲಿದೆ.

## ಹಂತ 8: ನಿಜವಾದ ಪಾಸ್‌ವರ್ಡ್ ಸೇರಿಸಿ, ಹಳೆಯದನ್ನು ಈಗಲೇ ತೆಗೆಯಬೇಡಿ

ಲಿನಕ್ಸ್‌ನ ಲಕ್ಸ್ ಎನ್‌ಕ್ರಿಪ್ಶನ್‌ನಲ್ಲಿ ಒಂದೇ ಡಿಸ್ಕಿಗೆ ಹಲವು ಪಾಸ್‌ವರ್ಡ್ ಇರಬಹುದು. ಲಕ್ಸ್1ರಲ್ಲಿ 8 ಜಾಗ, ಲಕ್ಸ್2ರಲ್ಲಿ 32 ತನಕ. ಆದ್ದರಿಂದ ಬದಲಿಸುವ ಗೋಜೇ ಬೇಡ, ಇನ್ನೊಂದನ್ನು ಸೇರಿಸಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಿಂದ ಪಾರ್ಟಿಶನ್ ಹೆಸರು ನೋಡಿಕೊಂಡು, ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಆ್ಯಡ್‌ಕೀ ಓಡಿಸಿ. ಮೊದಲು ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಹೊಸದು.

ಈಗ ರೀಬೂಟ್ ಮಾಡಿ ಹೊಸದನ್ನು ನಿಮ್ಮ ಲೇಔಟ್‌ನಲ್ಲಿ ಹೊಡೆಯಿರಿ. ತೆರೆದರೆ ಇನಿಟ್‌ರಾಮ್‌ಎಫ್‌ಎಸ್‌ಗೆ ಲೇಔಟ್ ತಲುಪಿದೆ. ತೆರೆಯದಿದ್ದರೆ ತಾತ್ಕಾಲಿಕದಿಂದ ಒಳಗೆ ಬಂದು ಹಂತ 7ನ್ನು ಮತ್ತೆ ನೋಡಿ. ಬೀಗದ ಹೊರಗೆ ಉಳಿಯುವ ಭಯವೇ ಇಲ್ಲ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಅದೇ ಬೆರಳ ಚಲನೆಯನ್ನು ಎರಡು ಸಲ ಸೇರಿಸುವುದು. ಒಮ್ಮೆ ನಿಮ್ಮ ಲೇಔಟ್ ಇಟ್ಟು ಪಾಸ್‌ವರ್ಡ್ ಸೇರಿಸಿ. ಆಮೇಲೆ ಲೇಔಟನ್ನು ಕ್ವರ್ಟಿಗೆ ಬದಲಿಸಿ, ಕೀಬೋರ್ಡ್ ನೋಡದೆ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ ಇನ್ನೊಂದು ಪಾಸ್‌ವರ್ಡ್ ಸೇರಿಸಿ. ಮುಂದೆ ಯಾವುದೋ ಅಪ್‌ಡೇಟ್ ಲೇಔಟನ್ನು ಕ್ವರ್ಟಿಗೆ ತಳ್ಳಿದರೂ ನಿಮ್ಮ ಬೆರಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ವಿಂಡೋಸ್‌ನಲ್ಲಿ ಈ ಹೊತ್ತಿಗೆ ಮಾಡಬೇಕಾದ್ದು ಬೇರೆ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ರೀಜನ್, ಅದರೊಳಗೆ ಅಡ್ಮಿನಿಸ್ಟ್ರೇಟಿವ್ ಟ್ಯಾಬ್, ಅಲ್ಲಿ ಕಾಪಿ ಸೆಟ್ಟಿಂಗ್ಸ್. ವೆಲ್‌ಕಮ್ ಸ್ಕ್ರೀನ್‌ಗೆ ಟಿಕ್ ಹಾಕಿ. ಇದನ್ನು ಬಿಟ್ಟರೆ ಡೆಸ್ಕ್‌ಟಾಪ್ ಒಂದು ಲೇಔಟ್, ಲಾಗಿನ್ ಪರದೆ ಇನ್ನೊಂದು ಆಗಿ ಉಳಿಯಬಹುದು.

## ಕೆಟ್ಟು ನಿಂತಾಗ ಕಾಣುವ ಸುಳಿವುಗಳು

ಡಿಸ್ಕ್ ಪಾಸ್‌ವರ್ಡ್ ತಪ್ಪು ಅನ್ನುತ್ತದೆ, ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ತೆರೆದರೆ ಅದೇ ಪಾಸ್‌ವರ್ಡ್ ನಡೆಯುತ್ತದೆ. ಹಾಗಿದ್ದರೆ ತಪ್ಪು ಇನಿಟ್‌ರಾಮ್‌ಎಫ್‌ಎಸ್‌ನ ಲೇಔಟ್‌ನಲ್ಲಿದೆ.

ಡಿಸ್ಕ್ ತೆರೆಯುತ್ತದೆ, ಲಾಗಿನ್ ಆಗುವುದಿಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿ ಲೇಔಟ್ ಹೆಸರು ಇರುತ್ತದೆ, ಅದನ್ನು ನೋಡಿ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕನ್ಸೋಲ್‌ಗೆ ಹೋಗಿ ಲಾಗಿನ್ ಮಾಡಿ ನೋಡಿ. ಅಲ್ಲಿ ಆಗುತ್ತದೆ ಅಂದರೆ ಗ್ರಾಫಿಕಲ್ ಸೆಟ್ಟಿಂಗ್ ಮಾತ್ರ ತಪ್ಪು.

ಕಾಪಿ ಮಾಡಲು ಕಂಟ್ರೋಲ್ ಸಿ ಒತ್ತಿದರೆ ಇನ್ನೇನೋ ಆಗುತ್ತಿದೆ. ಇದು ದೋಷವಲ್ಲ, ಡ್ವೊರಾಕ್‌ನಲ್ಲಿ ಸಿ ಬೇರೆ ಕಡೆ ಇದೆ. ಶಾರ್ಟ್‌ಕಟ್‌ಗಳೂ ಲೇಔಟ್ ಜೊತೆಗೇ ಸರಿಯುತ್ತವೆ.

ಇದನ್ನೆಲ್ಲ ಓದುವ ಮೊದಲೇ ಬೀಗದ ಹೊರಗೆ ಉಳಿದವರು ಡಿಸ್ಕ್ ಅಳಿಸುವ ಮುಂಚೆ ಎರಡು ಪ್ರಯತ್ನ ಮಾಡಿ. ಇನ್‌ಸ್ಟಾಲ್ ಹೊತ್ತಿಗೆ ನಿಮ್ಮ ಲೇಔಟ್ ನಿಜವಾಗಿ ಜಾರಿಗೆ ಬಂದಿರಲಿಲ್ಲ ಅಂತ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲೇಔಟ್ ಅಮೆರಿಕನ್ ಕ್ವರ್ಟಿಯಲ್ಲೇ ಇರಲಿ, ನಿಮ್ಮ ಲೇಔಟ್‌ನಲ್ಲಿ ಹೊಡೆಯುವಂತೆಯೇ ಬೆರಳು ಆಡಿಸಿ ಡಿಸ್ಕ್ ತೆರೆಯಲು ನೋಡಿ. ಆಗಲಿಲ್ಲ ಅಂದರೆ ಉಲ್ಟಾ ಮಾಡಿ. ನಿಮ್ಮ ಲೇಔಟ್ ಹಾಕಿಕೊಂಡು, ಮೊದಲು ಕಾಣುವ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಪಾಸ್‌ವರ್ಡ್ ಹೊಡೆಯಿರಿ. ಎರಡರಲ್ಲಿ ಒಂದು ಬಹುತೇಕ ತೆರೆಯುತ್ತದೆ. ತೆರೆದ ಕೂಡಲೇ ಬೇರೇನೂ ಮಾಡುವ ಮೊದಲು ಲಕ್ಸ್‌ಆ್ಯಡ್‌ಕೀ ಓಡಿಸಿ 20 ಅಂಕಿಗಳ ಪಾಸ್‌ವರ್ಡ್ ಸೇರಿಸಿ. ಅಜೆರ್ಟಿಯವರು ಅಂಕಿಯ ಬದಲು ಹಂತ 2ರ ಅಕ್ಷರಗಳನ್ನು ಬಳಸಿ. ಅದಾದ ಮೇಲೆ ಹಂತ 7ರಿಂದ ಮುಂದುವರಿಯಿರಿ.